ಗದರಿಸುವುದೋ, ಕೇಳಿಸಿಕೊಳ್ಳುವುದೋ?

ಪ್ರಶ್ನೆ: ಎಂ.ಬಿ.ಎ. ಮುಗಿಸಿ ಕೊಡಗಿನ ಸುಂಟಿಕೊಪ್ಪದ ಬಳಿಯ ಕಾಫಿ ತೋಟವೊಂದರಲ್ಲಿ ಸಹಾಯಕ ವ್ಯವಸ್ಥಾಪಕನಾಗಿ ಸೇರಿದ್ದೇನೆ. ಕೆಲಸಗಾರರೊಡನೆ ಮಾತಾಡಿ, ಅವರ ಒಪ್ಪಿಗೆ ಪಡೆದೇ ಕೆಲಸ ಮಾಡಿಸಬೇಕೆಂಬುದು ನನ್ನ ಆಸೆ. ಆದರೆ ಗದರಿಸಿಯೇ ಕೆಲಸ ತೆಗೆಯುವ ಹಿರಿಯ ಮೇಸ್ತ್ರಿಯ ಗುಂಪು ದಿನವೂ ನನ್ನ ಗುಂಪಿಗಿಂತ ಹೆಚ್ಚು ಅರೇಬಿಕಾ ಹಣ್ಣು ತೂಗುತ್ತದೆ. ನಾಯಕತ್ವದ ಯಾವ ಸಿದ್ಧಾಂತ ನಿಜಕ್ಕೂ ಫಲ ಕೊಡುತ್ತದೆ?

ಉತ್ತರ: ಸಂಜೆ ತೂಕವಾದ ಮೇಲೆ ಎರಡೂ ಗುಂಪಿನ ಚೀಲಗಳನ್ನು ಬಿಚ್ಚಿ ನೋಡಿದ್ದೀರಾ? ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟು ಮೇಲಿನಿಂದ ಅವಸರವನ್ನೂ ಮಾಡಿದರೆ, ಕೆಂಪು ಹಣ್ಣಿನ ಜೊತೆ ಹಸಿರು ಕಾಯಿಯೂ ಗೀರಿಕೊಂಡು ಬರುತ್ತದೆ. ಅದು ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿನಲ್ಲಿ ಸರಿಯಾಗಿ ಸುಲಿಯದೆ ಕಾಫಿಯ ಗುಣಮಟ್ಟವನ್ನೇ ಕೆಡಿಸುತ್ತದೆ.

1939ರಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಅಯೋವಾದಲ್ಲಿ ಬಾಲಕರ ಗುಂಪುಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅಪ್ಪಣೆಯಿಂದಲೇ ನಡೆಸಿದ ಗುಂಪು ನಾಯಕ ಎದುರಿಗಿದ್ದಷ್ಟು ಹೊತ್ತು ಚೆನ್ನಾಗಿ ದುಡಿಯುತ್ತಿತ್ತು, ಅವನು ಹೊರಗೆ ಹೋದೊಡನೆ ಕೈಬಿಡುತ್ತಿತ್ತು. ಎಲ್ಲರನ್ನೂ ಕೇಳಿ ನಿರ್ಧರಿಸಿದ ಗುಂಪು ಅವನಿಲ್ಲದಾಗಲೂ ಕೆಲಸ ಮುಂದುವರಿಸುತ್ತಿತ್ತು. ನಾಯಕ ಏನನ್ನೂ ಹೇಳದೆ ಬಿಟ್ಟ ಗುಂಪಿನ ಸ್ಥಿತಿ ಉಳಿದೆರಡಕ್ಕಿಂತ ಕೆಳಗಿತ್ತೆಂಬುದನ್ನು ನೀವು ಮುಖ್ಯವಾಗಿ ಗಮನಿಸಬೇಕು. ಮೆಲುಮಾತಿನವರಾಗಿರುವುದೆಂದರೆ ಲಗಾಮು ಬಿಡುವುದಲ್ಲ.

ಕೂಲಿ, ಬೋನಸ್, ದಂಡಗಳ ಕೊಡುಕೊಳೆಯಿಂದ ನಡೆಯುವ ನಾಯಕತ್ವವನ್ನೂ, ಮನಸ್ಸನ್ನೇ ಬದಲಿಸುವ ಪರಿವರ್ತನಾ ನಾಯಕತ್ವವನ್ನೂ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಬರ್ನ್ಸ್ 1978ರಲ್ಲಿ ಬೇರ್ಪಡಿಸಿ ವಿವರಿಸಿದರು. ಆದರೆ ಕೂಲಿಯ ಲೆಕ್ಕವೇ ತಪ್ಪಿದ ಕಡೆ ಎರಡನೆಯದನ್ನು ಯಾರೂ ನಂಬುವುದಿಲ್ಲ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು, ನನ್ನ ಅಭಿಪ್ರಾಯದಲ್ಲಿ, ನಿರ್ವಹಣಾಶಾಸ್ತ್ರದ ಹರ್ಸಿ ಮತ್ತು ಬ್ಲಾಂಚಾರ್ಡ್ 1969ರಲ್ಲಿ ಮಂಡಿಸಿದ ಸನ್ನಿವೇಶಾಧಾರಿತ ನಾಯಕತ್ವ. ಸಂಶೋಧನೆಗಳು ಅದನ್ನು ಪೂರ್ತಿಯಾಗಿ ಸಮರ್ಥಿಸಿಲ್ಲವಾದರೂ, ಎದುರಿಗಿರುವವರ ಅನುಭವವನ್ನೂ ಉತ್ಸಾಹವನ್ನೂ ನೋಡಿ ರೀತಿ ಬದಲಿಸಬೇಕೆಂಬ ಅದರ ತಿರುಳು ತೋಟದ ಕೆಲಸಕ್ಕೆ ಹೊಂದುತ್ತದೆ. ಹೊರಗಿನಿಂದ ಮೊದಲ ಬಾರಿ ಹಣ್ಣು ಕುಯ್ಯಲು ಬಂದವರಿಗೆ ಗಿಡದ ಮುಂದೆ ನಿಂತು, ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕೆಂದು ಸ್ಪಷ್ಟವಾಗಿ ಹೇಳಿ, ತೋರಿಸಿ. ಇಪ್ಪತ್ತು ವರ್ಷ ಕಪಾತು, ಅಂದರೆ ಗಿಡ ಸವರುವ ಕೆಲಸ, ಮಾಡಿದ ಕೈಗೆ ಮಾತ್ರ ನೀವು ಅಪ್ಪಣೆ ಕೊಡಬೇಡಿ. ಯಾವ ರೆಂಬೆ ಉಳಿಸಬೇಕೆಂದು ಅವರನ್ನೇ ಕೇಳಿ.

ಆ ಮೇಸ್ತ್ರಿಯವರನ್ನು ಎದುರಾಳಿಯೆಂದು ಎಣಿಸಬೇಡಿ. ನಾಳೆ ತೂಕದ ಹೊತ್ತಿನಲ್ಲಿ ಅವರ ಜೊತೆಗೇ ನಿಂತು, ಎರಡೂ ಗುಂಪಿನಿಂದ ಒಂದೊಂದು ಚೀಲವನ್ನು ಟಾರ್ಪಾಲಿನ ಮೇಲೆ ಸುರಿಸಿ, ಹಸಿರು ಕಾಯಿಯನ್ನು ಬೇರೆ ಮಾಡಿ ತೂಗಿಸಿ.