ಓದುಗರ ಪ್ರಶ್ನೆ: ಮುರುಗಲು ಸಿಪ್ಪೆಯ ಫೀನಾಲ್ ಲೆಕ್ಕ ಯಾಕೆ ಹೊಂದುತ್ತಿಲ್ಲ?

ಪ್ರಶ್ನೆ: ಮುರುಗಲು (ಕೋಕಮ್) ಸಿಪ್ಪೆಯ ಒಟ್ಟು ಫೀನಾಲ್ (ಸಸ್ಯಗಳಲ್ಲಿರುವ ಒಂದು ಗುಂಪಿನ ರಾಸಾಯನಿಕಗಳು) ಅಳೆಯುತ್ತಿದ್ದೇವೆ. ಕೆಲವು ಮಾದರಿ ಖಾನಾಪುರದ ಕಾಡಂಚಿನವು, ಉಳಿದವು ಸಂತೆಯಲ್ಲಿ ಕೊಂಡವು. ಒಂದೊಂದು ಸಲ ಒಂದೊಂದು ಅಂಕಿ ಬರುತ್ತದೆ. ಕೆಲವು ನಳಿಕೆಗಳಲ್ಲಿ ಬಿಳಿ ಮಬ್ಬು. ತಪ್ಪೆಲ್ಲಿ?
– ಎಂ.ಎಸ್ಸಿ. ವಿದ್ಯಾರ್ಥಿಗಳು, ಬೆಳಗಾವಿ

ಉತ್ತರ: ಮೊದಲು ಸಂತೆಯ ಸಿಪ್ಪೆ ಪಕ್ಕಕ್ಕಿಡಿ. ಅದನ್ನು ಹೆಚ್ಚಾಗಿ ಉಪ್ಪು ಬೆರೆಸಿದ ಹಣ್ಣಿನ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿರುತ್ತಾರೆ. ನೀವು ತೂಗಿದ 1 ಗ್ರಾಂನಲ್ಲಿ ಉಪ್ಪೆಷ್ಟು, ಸಿಪ್ಪೆಯೆಷ್ಟು ಎಂದು ಹೇಗೆ ಹೇಳುವುದು? ಏಪ್ರಿಲ್–ಮೇ ಹಣ್ಣನ್ನೇ ತಂದು ಸಿಪ್ಪೆ ಬಿಡಿಸಿ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಜೂನ್ ಹಿಡಿದ ಮೇಲೆ ಖಾನಾಪುರದ ತೇವಕ್ಕೆ ನೆರಳಲ್ಲಿ ಹರವಿದರೆ ಬೂಸ್ಟು ಬರುತ್ತದೆ. ಅವಸರಪಟ್ಟು ಓವನ್ ಬಿಸಿ ಏರಿಸಿದರೆ ಕೆಂಪು ಬಣ್ಣದ ಆಂಥೋಸಯನಿನ್ ಒಡೆಯುತ್ತದೆ.

1 ಗ್ರಾಂ ಪುಡಿಯನ್ನು ಶೇ 70ರ ಮೆಥನಾಲ್‌ನಲ್ಲಿ ನೆನೆಸಿ, ಕತ್ತಲಲ್ಲಿ ಅಲುಗಿಸಿ, ಸೋಸಿ, ಒಟ್ಟು 20 ಮಿ.ಲೀ. ಮಾಡಿಕೊಳ್ಳಿ. ಸಾರವನ್ನು ನೀರಿನಲ್ಲಿ 10 ಪಟ್ಟು ತೆಳುಮಾಡಿ 0.5 ಮಿ.ಲೀ. ತೆಗೆದುಕೊಳ್ಳಿ. ಅದಕ್ಕೆ 10 ಪಟ್ಟು ತೆಳುಮಾಡಿದ ಫೋಲಿನ್–ಸಿಯೊಕಾಲ್ಟು ದ್ರಾವಣ (ಫೀನಾಲ್ ಇದ್ದರೆ ನೀಲಿಯಾಗುವಂಥದ್ದು) 2.5 ಮಿ.ಲೀ., 5 ನಿಮಿಷದ ನಂತರ ಶೇ 7.5ರ ಸೋಡಿಯಂ ಕಾರ್ಬೊನೇಟ್ 2 ಮಿ.ಲೀ. ಹಾಕಿ. ಕ್ರಮ ಹಿಂದುಮುಂದಾಗಬಾರದು, ಕ್ಷಾರದಲ್ಲಿ ಫೋಲಿನ್ ಬೇಗ ಕೆಡುತ್ತದೆ. ನಿಮ್ಮ ಬಿಳಿ ಮಬ್ಬು ಬಹುಶಃ ಮೆಥನಾಲ್ ಹೆಚ್ಚಾಗಿ ಲವಣ ಕರಗದೆ ಬೇರ್ಪಟ್ಟದ್ದು. ಅದು ಬೆಳಕನ್ನು ತಡೆದು ಅಂಕಿಯನ್ನು ಸುಳ್ಳೇ ಏರಿಸುತ್ತದೆ. ಮಬ್ಬಿದ್ದರೆ ಸೆಂಟ್ರಿಫ್ಯೂಜ್‌ನಲ್ಲಿ ವೇಗವಾಗಿ ತಿರುಗಿಸಿ ತಿಳಿ ಮಾಡದೆ ಓದಬೇಡಿ. ಎಲ್ಲ ನಳಿಕೆಗೂ ಒಂದೇ ಅವಧಿ, 30 ನಿಮಿಷ ಸಾಕು, ಕೊಟ್ಟು 765 ನ್ಯಾನೋಮೀಟರ್‌ನಲ್ಲಿ ಅಳೆಯಿರಿ.

ಹೋಲಿಕೆಗೆ ಬಳಸುವ ಫೀನಾಲ್ ಆದ ಗ್ಯಾಲಿಕ್ ಆಮ್ಲದ ಅಳತೆ-ಗೆರೆ (ಗೊತ್ತಿರುವ ಪ್ರಮಾಣಗಳ ಓದಿನಿಂದ ಎಳೆದದ್ದು) ಮಿ.ಲೀ.ಗೆ 20ರಿಂದ 100 ಮೈಕ್ರೋಗ್ರಾಂ ಇರಲಿ. ಮಾದರಿ ಗೆರೆ ದಾಟಿದರೆ ಇನ್ನಷ್ಟು ತೆಳುಮಾಡಿ, ಗೆರೆಯನ್ನು ಮುಂದಕ್ಕೆ ಎಳೆಯಬೇಡಿ. ಗೆರೆಯಿಂದ ಮಿ.ಲೀ.ಗೆ 60 ಮೈಕ್ರೋಗ್ರಾಂ ಬಂದರೆ, 60 × 10 (ತೆಳುಮಾಡಿದ ಪಟ್ಟು) × 20 (ಸಾರದ ಮಿ.ಲೀ.) = 12,000 ಮೈಕ್ರೋಗ್ರಾಂ, ಅಂದರೆ ಗ್ರಾಂಗೆ 12 ಮಿ.ಗ್ರಾಂ. ಗ್ಯಾಲಿಕ್ ಆಮ್ಲ ಸಮಾನ. ಸಿ ವಿಟಮಿನ್ ಕೂಡ ಈ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ ಎಂಬುದು ವರದಿಯಲ್ಲಿರಲಿ.

ಪ್ರಶ್ನೆ: ಡಿಪಿಪಿಎಚ್ (ಉತ್ಕರ್ಷಣ ನಿರೋಧಕ ವಸ್ತು ಸೇರಿದರೆ ನೇರಳೆ ಬಣ್ಣ ಕಳೆದುಕೊಳ್ಳುವ ರಾಸಾಯನಿಕ) ಪರೀಕ್ಷೆಯೂ ಚೆನ್ನಾಗಿ ಬಂದರೆ ಸಿಪ್ಪೆಯನ್ನು ಔಷಧೀಯ ಎನ್ನಬಹುದೇ?

ಉತ್ತರ: ಇಲ್ಲ. ನಳಿಕೆಯಲ್ಲಿ ಬಣ್ಣ ಕಳೆದದ್ದು ನಳಿಕೆಯ ಮಾತು. ಕರುಳು ಎಷ್ಟು ಹೀರುತ್ತದೆ, ಯಾವ ಪ್ರಮಾಣ ವಿಷ ಎಂಬುದು ಬೇರೆಯದೇ ಕೆಲಸ. ಜೊತೆಗೆ, ಡಿಪಿಪಿಎಚ್ ಓದುವುದು 517 ನ್ಯಾನೋಮೀಟರ್‌ನಲ್ಲಿ; ಮುರುಗಲಿನ ಕೆಂಪು ಕೂಡ ಅಲ್ಲೇ ಬೆಳಕು ಹೀರುತ್ತದೆ. ಡಿಪಿಪಿಎಚ್ ಇಲ್ಲದ ಸಾರದ ಓದನ್ನು ಕಳೆಯದಿದ್ದರೆ ಫಲಿತಾಂಶ ನಿಜಕ್ಕಿಂತ ಕಡಿಮೆ ಕಾಣುತ್ತದೆ.

ಕೊನೆಯದಾಗಿ, ನೀವು ಹಣ್ಣು ತರುವುದು ಖಾನಾಪುರ ಭಾಗದ ಭೀಮಗಡ ಅಭಯಾರಣ್ಯದೊಳಗಿನ ಮರದಿಂದಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು, ಹಣ್ಣು ಆಮೇಲೆ.