ಹೋಟೆಲ್ ವಿದ್ಯೆ ಓದಲು ಇಂಗ್ಲೆಂಡಿಗೆ ಬರುವವರಿಗೆ

ಬರುವ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ರೆಸ್ಟೋರೆಂಟ್ ಮತ್ತು ಆಹಾರ-ಪಾನೀಯ ನಿರ್ವಹಣೆಯ ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕಿದೆ, ಸಸ್ಯಾಹಾರಿಗೆ ಅಲ್ಲಿ ಕಷ್ಟವೇ, ಪಾರ್ಟ್ ಟೈಮ್ ದುಡಿಮೆಯಲ್ಲಿ ಫೀಸು ಹುಟ್ಟೀತೇ, ಓದು ಮುಗಿಸಿ ಉಡುಪಿಗೆ ಮರಳಿ ಮನೆಯ ಹೋಟೆಲ್ ನಡೆಸುವಾಗ ಇದು ಉಪಯೋಗಕ್ಕೆ ಬಂದೀತೇ ಎಂದು ಕೇಳಿ ಬರೆದಿದ್ದೀರಿ. ಮೂರನೆಯ ಪ್ರಶ್ನೆಯ ದೆಸೆಯಿಂದ ಉತ್ತರ ತಡವಾಯಿತು. 2008ರ ಸೆಪ್ಟೆಂಬರಿನಲ್ಲಿ ನಾನು ಬರ್ಮಿಂಗ್‌ಹ್ಯಾಮಿಗೆ ಬಂದಿಳಿದಾಗ ನನ್ನ ಮನಸ್ಸಿನಲ್ಲಿದ್ದುದೂ ಅದೇ ಯೋಚನೆ. ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಗಳ ಅಡಿಯಲ್ಲಿ, ಕಾರ್ಕಳದ ಹತ್ತಿರ ಅಪ್ಪ ನಡೆಸುತ್ತಿದ್ದ ಹೋಟೆಲಿನ ಆರು ತಿಂಗಳ ಲೆಕ್ಕದ ಪುಸ್ತಕವೂ ಪೆಟ್ಟಿಗೆಯಲ್ಲಿತ್ತು.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಮತ್ತು ಪ್ರಬಂಧ ಬರೆಯುವ ಬೇಸಿಗೆಯ ತಿಂಗಳುಗಳನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ರಜೆಯೆಂದು ಎಣಿಸುವಂತಿಲ್ಲ. ಅದರಲ್ಲಿ ಕೋಣೆಯ ಬಾಡಿಗೆ ಮತ್ತು ಊಟ ಸಾಗಬಹುದು, ಫೀಸು ಸಾಗದು. ಹೆಚ್ಚಿನ ಗಂಟೆಗಳಿಗೆ ಕೈಯಲ್ಲಿ ನಗದು ಕೊಡುತ್ತೇನೆ ಎನ್ನುವ ನಮ್ಮ ಕಡೆಯ ಮಾಲೀಕರೂ ಸಿಗುತ್ತಾರೆ. ಊರಿನವರೆಂಬ ದಾಕ್ಷಿಣ್ಯಕ್ಕೆ ಒಪ್ಪಿಕೊಂಡರೆ ಹೋಗುವುದು ನಿಮ್ಮ ವೀಸಾ, ಅವರದಲ್ಲ. ಗಿರಾಕಿಗಳು ಕೊಟ್ಟ ಟಿಪ್ಸನ್ನು ಪೂರ್ತಿಯಾಗಿ ನೌಕರರಿಗೇ ಹಂಚಬೇಕೆಂಬ ಕಾನೂನು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಕೇಳಿ ಪಡೆಯಿರಿ. ಓದಿದ ಮೇಲೆ ಇಲ್ಲಿ ಉಳಿದು ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷದ ಅವಧಿ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಅಡುಗೆಯವರ ಹುದ್ದೆಗೆ ಹೊಸದಾಗಿ ಕೆಲಸದ ವೀಸಾ ಸಿಗುವ ದಾರಿ 2025ರ ಜುಲೈಯಲ್ಲೇ ಮುಚ್ಚಿತು. ಚಳಿಯ ಕುರಿತು ಹೇಳುವುದಕ್ಕೇನಿಲ್ಲ. ಕೋಟನ್ನು ಇಲ್ಲಿಯೇ ಕೊಳ್ಳಿ.

ಸಸ್ಯಾಹಾರಿಯಾಗಿ ಉಣ್ಣುವುದು ಇಲ್ಲಿ ಸುಲಭ, ಸಸ್ಯಾಹಾರಿಯಾಗಿ ಕಲಿಯುವುದು ಅಷ್ಟು ಸುಲಭವಲ್ಲ. ವಿದ್ಯಾರ್ಥಿಗಳೇ ನಡೆಸುವ ತರಬೇತಿ ರೆಸ್ಟೋರೆಂಟಿನಲ್ಲಿ ನೀವು ಮಾಂಸದ ತಟ್ಟೆಗಳನ್ನು ಹೊರಬೇಕಾಗುತ್ತದೆ, ಅದರ ರುಚಿಯ ಬಗ್ಗೆ ಅತಿಥಿಗಳಿಗೆ ಉತ್ತರವನ್ನೂ ಕೊಡಬೇಕಾಗುತ್ತದೆ. ನಿಮಗೆ ಆಗದ್ದನ್ನು ಮೊದಲ ವಾರವೇ ಹೇಳಿಬಿಡಿ, ನಡುವೆ ಮುಖ ಸಿಂಡರಿಸಬೇಡಿ. ವೈನಿನ ತರಗತಿಯಲ್ಲಿ ನುಂಗುವ ಅಗತ್ಯವಿಲ್ಲ, ಬಾಯಲ್ಲಿ ತಿರುಗಿಸಿ ಉಗುಳಿದರೆ ಸಾಕು. ಎಂಜಲಿನ ಮಡಿಯಲ್ಲಿ ಬೆಳೆದ ನನಗೆ, ಹದಿನೈದು ಮಂದಿಯ ಎದುರು ಒಂದೇ ಪಾತ್ರೆಗೆ ಉಗುಳುವುದು ಕುಡಿಯುವುದಕ್ಕಿಂತ ಕಷ್ಟವಾಗಿತ್ತು.

ನಮ್ಮ ಅಡುಗೆ ನಮಗೆ ಗೊತ್ತೆಂಬ ಧೈರ್ಯವನ್ನು ಮಾತ್ರ ಕಟ್ಟಿಕೊಂಡು ಬರಬೇಡಿ. ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿಯನ್ನು ಗಿರಾಕಿಗೆ ಕೊಡಲೇಬೇಕೆಂಬುದು ಇಲ್ಲಿಯ ಕಾನೂನು, ಅದರಲ್ಲಿ ನಮ್ಮ ಸಾಸಿವೆಯೂ ಎಳ್ಳೂ ಸೇರಿವೆ. ನಾನು ದುಡಿಯುತ್ತಿದ್ದಲ್ಲಿ ಒಬ್ಬ ಹೆಂಗಸು ಸಾಂಬಾರಿನಲ್ಲಿ ಗೋಧಿ ಇದೆಯೇ ಎಂದು ಕೇಳಿದಾಗ, ಬೇಳೆಯ ಸಾಂಬಾರಿನಲ್ಲಿ ಗೋಧಿ ಎಲ್ಲಿಂದ ಬರಬೇಕೆಂದು ನಕ್ಕು, ಇಲ್ಲವೆಂದುಬಿಟ್ಟೆ. ಅಡುಗೆಮನೆಯ ಮೇಲ್ವಿಚಾರಕ ಮಾತಾಡದೆ ಇಂಗಿನ ಹಳದಿ ಡಬ್ಬಿಯನ್ನು ತಿರುಗಿಸಿ ನನ್ನ ಕಣ್ಣೆದುರು ಹಿಡಿದ: ಗೋಧಿ ಹಿಟ್ಟು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಬಟ್ಟಲು ಮೇಜಿಗೆ ಹೋಗುವ ಮೊದಲೇ ತಡೆದದ್ದು ಪುಣ್ಯ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಾಸವಾನಾ ಮತ್ತು ಸ್ಮಿತ್ ಎಂಬಿಬ್ಬರು 1982ರಲ್ಲಿ ರೂಪಿಸಿದ ಮೆನು ವಿಶ್ಲೇಷಣೆಯನ್ನು ನೀವೂ ಓದುತ್ತೀರಿ. ಪ್ರತಿ ತಿಂಡಿಯನ್ನೂ ಎಷ್ಟು ಮಾರಾಟವಾಗುತ್ತದೆ, ಎಷ್ಟು ಲಾಭ ಉಳಿಸುತ್ತದೆ ಎಂದು ನೋಡಿ ನಾಲ್ಕು ಮನೆಗಳಲ್ಲಿ ಹಾಕುತ್ತಾರೆ: ಎರಡರಲ್ಲೂ ಮೇಲಿದ್ದರೆ ನಕ್ಷತ್ರ, ಮಾರಾಟ ಮಾತ್ರ ಹೆಚ್ಚಿದ್ದರೆ ಉಳುವ ಕುದುರೆ, ಲಾಭ ಮಾತ್ರ ಹೆಚ್ಚಿದ್ದರೆ ಒಗಟು, ಎರಡರಲ್ಲೂ ಕೆಳಗಿದ್ದರೆ ನಾಯಿ. ಇಪ್ಪತ್ತು ತಿಂಡಿಗಳ ಪಟ್ಟಿಯಾದರೆ ಒಟ್ಟು ಮಾರಾಟದಲ್ಲಿ ಒಂದೊಂದರ ಸಮಪಾಲು 5%, ಅದರ 70%, ಅಂದರೆ 3.5% ಮುಟ್ಟದ್ದು ಜನಪ್ರಿಯವಲ್ಲ. ನಾನು ಅಪ್ಪನ ಲೆಕ್ಕದ ಪುಸ್ತಕವನ್ನೇ ಪ್ರಬಂಧಕ್ಕೆ ಇಟ್ಟುಕೊಂಡೆ. ಸಜ್ಜಿಗೆ-ಬಜಿಲ್, ಅಂದರೆ ಉಪ್ಪಿಟ್ಟು ಮತ್ತು ಒಗ್ಗರಣೆ ಅವಲಕ್ಕಿ, ಎಲ್ಲ ರೀತಿಯಲ್ಲೂ ಕೆಳಗೆ ಬಿತ್ತು: ದಿನಕ್ಕೆ ಹದಿನೈದು ತಟ್ಟೆ, ಅದರಲ್ಲಿ ಅರ್ಧಕ್ಕೆ ದುಡ್ಡೇ ಇಲ್ಲ, ಅದಕ್ಕೆಂದೇ ಭಟ್ಟರು ಬೆಳಗಿನ ನಾಲ್ಕಕ್ಕೆ ಬಂದು ಒಲೆ ಹೊತ್ತಿಸಬೇಕು. ಫೋನಿನಲ್ಲಿ ಅದು ನಾಯಿಯ ಮನೆಯಲ್ಲಿದೆ, ತೆಗೆದುಬಿಡಿ ಎಂದೆ. ಅಪ್ಪ ನಕ್ಕು, “ನಾಯಿ ಮನೆ ಕಾಯುವುದಲ್ಲವೋ?” ಎಂದರು. ನಾನು ಲಾಭ, ಕೂಲಿ, ಶೇಕಡಾ ಎಂದು ಅರ್ಧ ಗಂಟೆ ವಿವರಿಸಿದೆ. ಓದಿದ ಮಗನ ಮಾತೆಂದು ಅವರು ಮರುವಾರವೇ ನಿಲ್ಲಿಸಿದರು, ಹೋಟೆಲಿನ ಬಾಗಿಲು ಐದೂವರೆಯ ಬದಲು ಏಳಕ್ಕೆ ತೆರೆಯತೊಡಗಿತು.

ದುಡ್ಡು ಕೊಡದೆ ತಿನ್ನುತ್ತಿದ್ದವರು ಬಸ್ಸಿನ ಡ್ರೈವರ್, ಕಂಡಕ್ಟರುಗಳು. ಅವರು ಮೊದಲ ಟ್ರಿಪ್ಪಿನಲ್ಲಿ ಬಜಿಲ್ ತಿಂದ ಕಡೆಯೇ ದಿನವಿಡೀ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು, ಇಳಿದ ಪ್ರಯಾಣಿಕರು ನನ್ನ ಪಟ್ಟಿಯ ನಕ್ಷತ್ರಗಳಾದ ಮಸಾಲೆದೋಸೆಯನ್ನೂ ಬನ್ಸನ್ನೂ ತಿನ್ನುತ್ತಿದ್ದರು. ಎರಡು ತಿಂಗಳಲ್ಲಿ ಬಸ್ಸುಗಳೆಲ್ಲ ಎದುರು ಸಾಲಿನ ಹೋಟೆಲಿನ ಮುಂದೆ ನಿಲ್ಲತೊಡಗಿದವು. ಅಪ್ಪ ಮತ್ತೆ ಐದೂವರೆಗೆ ಬಾಗಿಲು ತೆರೆದು ನೋಡಿದರಂತೆ, ಆದರೆ ಒಮ್ಮೆ ದಾಟಿದ ರಸ್ತೆಯನ್ನು ಯಾರೂ ಹಿಂದಕ್ಕೆ ದಾಟಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅಮ್ಮ, ಅದೂ ಹೋಟೆಲ್ ಮುಚ್ಚಿದ ಮೇಲೆ. ಅಪ್ಪ ಒಂದು ಮಾತೂ ಆಡಲಿಲ್ಲ. ನನ್ನ ಪ್ರಬಂಧಕ್ಕೆ ಡಿಸ್ಟಿಂಕ್ಷನ್ ಬಂದದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ನಡೆಸಲು ಹೋಟೆಲಿಲ್ಲದ ಕಾರಣ ನಾನು ಇಲ್ಲಿಯೇ ಉಳಿದೆ. ಈಗ ನಾಲ್ಕು ರೆಸ್ಟೋರೆಂಟುಗಳ ಲೆಕ್ಕ ನೋಡುತ್ತೇನೆ. 20% ವ್ಯಾಟ್ ಕಳೆದು ಉಳಿದದ್ದರಲ್ಲಿ ಪದಾರ್ಥದ ಖರ್ಚು ಶೇಕಡಾ ಮೂವತ್ತನ್ನು ದಾಟದಂತೆ ಕಾಯುವುದು ನನ್ನ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತೇನೆ.

ಆದ್ದರಿಂದ ನಿಮ್ಮ ಹೋಟೆಲಿನ ಲೆಕ್ಕದ ಪುಸ್ತಕವನ್ನು ಖಂಡಿತ ತನ್ನಿ, ಆದರೆ ವಿಮಾನ ಹತ್ತುವ ಮೊದಲು ಒಂದು ತಿಂಗಳು ಬೆಳಿಗ್ಗೆ ನಿಮ್ಮ ತಂದೆಯ ಜೊತೆ ಗಲ್ಲಾದಲ್ಲಿ ಕುಳಿತು, ಯಾರು ದುಡ್ಡು ಕೊಡದೆ ಎದ್ದು ಹೋಗುತ್ತಾರೆ, ಅವರು ಯಾಕೆ ಕೊಡುವುದಿಲ್ಲ ಎಂದು ಕೇಳಿಕೊಳ್ಳಿ. ಇಲ್ಲಿಯ ಮೇಷ್ಟ್ರುಗಳು ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಅವರಿಗೆ ನಿಮ್ಮ ಬಸ್ ಸ್ಟ್ಯಾಂಡು ಗೊತ್ತಿಲ್ಲ.

ಬರುವ ದಿನ ತಿಳಿಸಿದರೆ ಸ್ಟೇಷನ್ನಿಗೆ ಬರುತ್ತೇನೆ. ಉಪ್ಪಿನಕಾಯಿಯನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ನನ್ನ ಲೆಕ್ಕದ ಪುಸ್ತಕದ ಹಾಳೆಗಳಲ್ಲಿ ಇನ್ನೂ ಎಣ್ಣೆಯ ಕಲೆಯಿದೆ. ಬಜಿಲಿಗೆ ಬೇಕಾದ ತೆಳು ಅವಲಕ್ಕಿ ಇಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ, ಹೊತ್ತು ತರಬೇಡಿ.