ಆರ್ಗನ್ನಿನೊಳಗೆ ಹಾಡಿನ ಮಟ್ಟನ್ನು ಹುಡುಕುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ರಂಗಗೀತೆಗಳಿಗೆ ಹಾರ್ಮೋನಿಯಂ ನುಡಿಸುತ್ತೇನೆ. ಜರ್ಮನ್ ಸಂಗೀತಕಾರ ಬಾಖ್ ಅವರ ಅನೇಕ ಆರ್ಗನ್ ಕೃತಿಗಳಿಗೆ ಲೂಥರನ್ ಪಂಥದ ಕ್ರೈಸ್ತ ಸಭೆಯ ಹಾಡುಗಳೇ ಆಧಾರವೆಂದು ಓದಿದ್ದೇನೆ. ಎಷ್ಟು ಕೇಳಿದರೂ ಮೂಲ ಹಾಡಿನ ಮಟ್ಟು ಸಿಗುವುದಿಲ್ಲ. ಹೇಗೆ ಕೇಳಬೇಕು?

ಉತ್ತರ: ತಪ್ಪು ನಿಮ್ಮ ಕಿವಿಯದಲ್ಲ. ಆ ಹಾಡುಗಳನ್ನು ಬಾಲ್ಯದಿಂದಲೇ ಬಾಯಿಪಾಠ ಮಾಡಿಕೊಂಡಿದ್ದ ಜನರಿಗಾಗಿ ಹುಟ್ಟಿದ ಸಂಗೀತವಿದು. ಆರಾಧನೆಯಲ್ಲಿ ಸಭೆಯೇ ತನ್ನ ನುಡಿಯಲ್ಲಿ ಹಾಡಬೇಕೆಂಬುದು ಆ ಪಂಥದ ಮೂಲಪುರುಷ ಮಾರ್ಟಿನ್ ಲೂಥರ್ ಅವರ ಆಶಯವಾಗಿತ್ತು. 1524ರಲ್ಲಿ ಎಂಟು ಹಾಡುಗಳ ಕಿರುಪುಸ್ತಕವೊಂದು ಅಚ್ಚಾಯಿತು. ಇಂತಹ ಹಾಡಿಗೆ ಕೊರಾಲ್ ಎನ್ನುತ್ತಾರೆ. ಸಭೆ ಹಾಡುವ ಮುನ್ನ ಆರ್ಗನ್ ವಾದಕರು ಅದೇ ಮಟ್ಟನ್ನು ಹಿಡಿದು ವಿಸ್ತರಿಸುತ್ತಿದ್ದ ರೂಢಿಯಿಂದ ಕೊರಾಲ್ ಪ್ರಿಲ್ಯೂಡ್ ಬೆಳೆಯಿತು. ಹಾರ್ಮೋನಿಯಂ ಪರಿಚಿತ ವಚನದ ಧಾಟಿಯನ್ನು ಎತ್ತಿಕೊಂಡೊಡನೆ ನಮ್ಮ ಕೇಳುಗರಿಗೆ ಸಾಹಿತ್ಯ ತಾನಾಗಿ ನೆನಪಾಗುವ ಹಾಗೆ, ಅವರಿಗೂ ಪದಗಳು ನೆನಪಾಗುತ್ತಿದ್ದವು.

ವಾದ್ಯದ ರೀತಿಯೂ ಗೊತ್ತಿರಬೇಕು. ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂನಲ್ಲಿ ಪಾದಗಳು ತಿದಿ ಒತ್ತುತ್ತವೆ. ಕೊಳವೆ ಆರ್ಗನ್ನಿನಲ್ಲಾದರೋ ಪೆಡಲ್‌ಗಳೇ ಸ್ವರದ ಮನೆಗಳು, ಪಾದಗಳೂ ರಾಗ ನುಡಿಸುತ್ತವೆ. ಆದ್ದರಿಂದ ಬಲಗೈ, ಎಡಗೈ, ಕಾಲು ಮೂರೂ ಬೇರೆ ಬೇರೆ ಎಳೆಗಳನ್ನು ನಡೆಸುವಾಗ ಮಟ್ಟು ಅವುಗಳಲ್ಲಿ ಯಾವುದರಲ್ಲಾದರೂ ಇರಬಹುದು, ಮೇಲಿನ ಸ್ವರದಲ್ಲೇ ಇರಬೇಕೆಂದಿಲ್ಲ.

ಮೊದಲು ‘ಇಖ್ ರೂಫ್ ಟ್ಸು ದಿರ್’ ಕೇಳಿ. ಇದು ಬಾಖ್ 164 ಹಾಡುಗಳಿಗೆಂದು ಯೋಜಿಸಿ, ಮೂರರಲ್ಲೊಂದು ಪಾಲನ್ನೂ ಮುಗಿಸದ ‘ಓರ್ಗೆಲ್‌ಬ್ಯೂಖ್‌ಲೈನ್’ ಸಂಗ್ರಹದ್ದು. ಮಟ್ಟು ಮೇಲೆಯೇ, ನಿಧಾನವಾಗಿ, ಸ್ವಲ್ಪ ಅಲಂಕಾರದೊಡನೆ ಸಾಗುತ್ತದೆ. ಅನಂತರ ‘ವಾಖೆಟ್ ಔಫ್’. ಜರ್ಮನ್ ಪಾದ್ರಿ ಫಿಲಿಪ್ ನಿಕೊಲಾಯ್ 1599ರಲ್ಲಿ ಪ್ರಕಟಿಸಿದ ಈ ಹಾಡು, ಬೈಬಲಿನಲ್ಲಿ ಬರುವ, ಮದುಮಗನಿಗಾಗಿ ದೀಪ ಹಿಡಿದು ಕಾಯುವ ಹತ್ತು ಕನ್ಯೆಯರ ಕಥೆಯನ್ನು ಆಧರಿಸಿದೆ. ಬಾಖ್ ಇದನ್ನು ಮೊದಲು 1731ರ ಗಾಯನಕೃತಿಯಲ್ಲಿ ಬಳಸಿದರು. ಅದರ ನಾಲ್ಕನೆಯ ಭಾಗದಲ್ಲಿ ಪುರುಷಕಂಠಗಳು ಮಟ್ಟನ್ನು ಹಾಡುತ್ತವೆ. ಅದನ್ನು ನಾಲ್ಕಾರು ಬಾರಿ ಕೇಳಿ, ನಿಮ್ಮ ಹಾರ್ಮೋನಿಯಂನಲ್ಲಿ ನುಡಿಸಿ ನೋಡಿ, ಆಮೇಲೆಯೇ ಆರ್ಗನ್ ರೂಪಕ್ಕೆ ಬನ್ನಿ. ಬಲಗೈಯ ಆಕರ್ಷಕ ರಾಗಕ್ಕೆ ಮನಸೋಲದೆ ಎಡಗೈಯನ್ನು ಹಿಂಬಾಲಿಸಿದರೆ, ಮಟ್ಟು ಮಧ್ಯದಲ್ಲಿ ಬಿಟ್ಟು ಬಿಟ್ಟು ಬರುವುದು ತಿಳಿಯುತ್ತದೆ.

ಸಾಹಿತ್ಯದ ಅರ್ಥವನ್ನೂ ದಯವಿಟ್ಟು ಓದಿಕೊಳ್ಳಿ. ‘ದುರ್ಖ್ ಆಡಮ್ಸ್ ಫಾಲ್’ ಕೃತಿಯಲ್ಲಿ ಪೆಡಲ್ ಮತ್ತೆ ಮತ್ತೆ ಮೇಲಿನಿಂದ ಕೆಳಕ್ಕೆ ದೊಡ್ಡ ಅಂತರದಲ್ಲಿ ಧುಮುಕುತ್ತದೆ. ಆ ಹಾಡಿನ ಮೊದಲ ಸಾಲೇ ಬೈಬಲಿನ ಆದಿಪುರುಷ ಆದಾಮನ ಪತನವನ್ನು ಕುರಿತದ್ದು.